ಎಕ್ಸ್‌ರೇ ಲಕೋಟೆಯ ಮೇಲೆ ಬರೆದ ತಾರೀಖು

2023ರ ಜನವರಿ 9ರಂದು ಹಿಂದಿನಿಂದ ಬಂದ ಕಾರೊಂದು ನನ್ನ ಸ್ಕೂಟರಿಗೆ ಗುದ್ದಿತು. ಬಲ ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದು, ಒಳಗೆ ರಾಡ್ ಹಾಕಿದರು. ಪೊಲೀಸರ ದೋಷಾರೋಪಣ ಪಟ್ಟಿ ಆಗಲಿ, ವೈದ್ಯರು ಅಂಗವೈಕಲ್ಯದ ಪ್ರಮಾಣಪತ್ರ ಕೊಡಲಿ, ಆಮೇಲೆ ಪರಿಹಾರದ ಅರ್ಜಿ ಹಾಕಿದರಾಯಿತು ಎಂದುಕೊಂಡಿದ್ದೆ. ‘ಅಪಘಾತದ ಕೇಸಿಗೆ ಗಡುವೇ ಇಲ್ಲ’ ಎಂದು ಭಾವ ಬೇರೆ ಧೈರ್ಯ ಹೇಳಿದ್ದರು.

ಭಾವ ಹೇಳಿದ್ದು ಸುಳ್ಳಲ್ಲ, ಹಳಸಿದ ನಿಜ. 1994ರ ತಿದ್ದುಪಡಿ ತೆಗೆದುಹಾಕಿದ್ದ ಗಡುವನ್ನು 2019ರ ತಿದ್ದುಪಡಿ ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಮೋಟಾರು ವಾಹನ ಕಾಯ್ದೆಯ 166(3)ರಂತೆ ಅರ್ಜಿ ಹಾಕಲು ಇರುವುದು ಆರು ತಿಂಗಳು. ಅದೂ ಅಪಘಾತದ ದಿನದಿಂದ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲ್ಲ.

ಇದು ನನಗೆ ತಿಳಿದದ್ದು ಜೂನ್ ಕೊನೆಯಲ್ಲಿ. ವಾಕರ್ ಹಿಡಿದು ವಕೀಲರ ಕಚೇರಿಯ ಮೆಟ್ಟಿಲು ಹತ್ತಿದವನನ್ನು ಅವರು ಕೂರಿಸುವ ಮೊದಲೇ ಕೇಳಿದರು, ‘ಅಪಘಾತ ಯಾವತ್ತು ಆಯಿತು?’ ನಾನು ಬೆರಳು ಮಡಚಿ 180 ದಿನ ಎಣಿಸತೊಡಗಿದೆ. ‘ದಿನ ಬೇಡ, ಕ್ಯಾಲೆಂಡರಿನ ತಿಂಗಳು ಎಣಿಸಿ’ ಎಂದು ಅವರು ನನ್ನ ಎಕ್ಸ್‌ರೇ ಲಕೋಟೆಯ ಮೇಲೆ ‘9-7’ ಎಂದು ಬರೆದು ಸುತ್ತು ಹಾಕಿದರು. ಅವತ್ತು ಭಾನುವಾರ. ಕಡೆಯ ದಿನ ಕೋರ್ಟಿಗೆ ರಜೆ ಇದ್ದರೆ ಮರುದಿನ ಹಾಕಲು ಅವಕಾಶವಿದೆ ಎಂದು ನಾನು ಓದಿದ್ದೆ. ‘ಇದೆ. ಆದರೆ ಅದನ್ನು ನಂಬಿ ಮಲಗಬೇಡಿ’ ಎಂದರು.

ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಔಷಧದ ರಸೀದಿಗಳು, ಆ ಕಾರಿನ ವಿಮೆಯ ವಿವರ: ಅರ್ಜಿಗೆ ಇಷ್ಟೇ ಸಾಕಾಯಿತು. ನಾನು ಕಾಯುತ್ತಿದ್ದ ಎರಡು ಕಾಗದಗಳನ್ನು ಸಾಕ್ಷ್ಯದ ಹಂತದಲ್ಲಿ ಕೊಡಬಹುದಿತ್ತು. ಅಪಘಾತ ಆದದ್ದು ಬೇರೆ ಜಿಲ್ಲೆಯಲ್ಲಾದರೂ ನಾನು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಮುರಿದ ಕಾಲಿಗೆ ಅದೊಂದು ದೊಡ್ಡ ಉಪಕಾರ. ಜುಲೈ 6, ಗುರುವಾರ, ಅರ್ಜಿಯ ಮೇಲೆ ಮೊಹರು ಬಿತ್ತು.

ಈ ಆರು ತಿಂಗಳ ನಿಯಮವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತಡವಾಯಿತೆಂಬ ಕಾರಣಕ್ಕೇ ಕ್ಲೇಮು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂತು. ಮಧ್ಯಂತರ ಎಂಬ ಪದವನ್ನು ಮಾತ್ರ ನಾನು ಎರಡು ಸಲ ಓದುತ್ತೇನೆ.

ವೈದ್ಯರು ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟದ್ದು ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ನನ್ನ ಅರ್ಜಿಗೆ ಮೂರು ತಿಂಗಳು ತುಂಬಿತ್ತು.