ಸ್ಕಿಜೋಫ್ರೀನಿಯಾ ಮಾತ್ರೆ ಶುರುವಾದ ಮೇಲೆ: ಡೋಪಮಿನ್ ಲೆಕ್ಕ ಮತ್ತು ಮನೆಯವರ ಕೆಲಸ

ಚೀಟಿಯಲ್ಲಿ ರಿಸ್ಪೆರಿಡೋನ್ ಇರಲಿ, ಹ್ಯಾಲೊಪೆರಿಡಾಲ್ ಇರಲಿ, ಅದರ ಮುಖ್ಯ ಕೆಲಸ ಒಂದೇ: ಮೆದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ, ಅದನ್ನು ಹಿಡಿಯುವ ಡಿ2 ಗ್ರಾಹಕಗಳಿಗೆ (ಕೋಶದ ಮೇಲಿನ ಒಂದು ಬಗೆಯ ಬಾಗಿಲುಗಳಿಗೆ) ತಗಲದಂತೆ ತಡೆಯುವುದು. ಕಾಯಿಲೆ ಉಲ್ಬಣಿಸಿದಾಗ ಹಲವರಲ್ಲಿ ಸ್ಟ್ರೈಯೇಟಮ್ ಎಂಬ ಭಾಗದಲ್ಲಿ ಡೋಪಮಿನ್ ಅತಿಯಾಗಿ ಸುರಿಯುತ್ತದೆ. ಆಗ ಪಕ್ಕದ ಮನೆಯವರು ಕೆಮ್ಮಿದರೂ ಅದು ತನ್ನನ್ನು ಉದ್ದೇಶಿಸಿಯೇ ಎನಿಸತೊಡಗುತ್ತದೆ.

ಡಿ2 ಗ್ರಾಹಕಗಳಲ್ಲಿ ಸುಮಾರು 65% ಮುಚ್ಚಿದರೆ ಸಂಶಯ, ಕಿವಿಯಲ್ಲಿ ಕೇಳುವ ದನಿ ತಗ್ಗುತ್ತವೆ. 80% ಹತ್ತಿರ ಹೋದರೆ ಬಿಗಿತ, ನಡುಕ. ನಡುವಿನ ಜಾಗ ಇಕ್ಕಟ್ಟು. ಅದಕ್ಕೇ ರಿಸ್ಪೆರಿಡೋನ್ 1–2 ಮಿ.ಗ್ರಾಂ.ನಿಂದ ಶುರುವಾಗಿ ಸಾಮಾನ್ಯವಾಗಿ 4–6ರಲ್ಲಿ ನಿಲ್ಲುತ್ತದೆ. ಬೇಗ ವಾಸಿಯಾಗಲಿ ಎಂದು ಮನೆಯಲ್ಲೇ ಒಂದು ಮಾತ್ರೆ ಜಾಸ್ತಿ ಕೊಟ್ಟರೆ ಗುಣ ಹೆಚ್ಚುವುದಿಲ್ಲ, ಬಿಗಿತ ಹೆಚ್ಚುತ್ತದೆ. ಮರೆತ ಡೋಸನ್ನು ಮರುದಿನ ಎರಡು ಮಾಡಿ ನುಂಗಿಸುವುದೂ ಬೇಡ.

ಒಂದು ನೋಟ್‌ಬುಕ್ ಇಡಿ. ಮಾತ್ರೆ, ಹೊತ್ತು, ನಿದ್ರೆಯ ಗಂಟೆ, ದನಿ ಕೇಳಿಸಿತೇ, ನಡಿಗೆ ಹೇಗಿತ್ತು, ಇಷ್ಟು ಸಾಕು. ಸರಿಯಾದ ಡೋಸಿನಲ್ಲಿ 4–6 ವಾರ ನೋಡದೆ ‘ಈ ಮಾತ್ರೆ ಕೆಲಸ ಮಾಡಲಿಲ್ಲ’ ಎನ್ನಲಾಗದು.

ಮೊದಲ ಕೆಲವು ದಿನಗಳಲ್ಲೇ ಕತ್ತು ತಿರುಚಿಕೊಳ್ಳಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಇದು ಮೈಮೇಲೆ ಬಂದದ್ದಲ್ಲ, ಮೂರ್ಛೆ ರೋಗವೂ ಅಲ್ಲ, ಮಾತ್ರೆಯ ಅಡ್ಡಪರಿಣಾಮ. ಆಸ್ಪತ್ರೆಯಲ್ಲಿ ಪ್ರೊಮೆಥಜಿನ್‌ನಂಥ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಸಡಿಲುತ್ತದೆ.

ಹೆಚ್ಚು ಮೋಸ ಮಾಡುವುದು ಅಕಥೀಸಿಯಾ, ಅಂದರೆ ಮಾತ್ರೆಯಿಂದಲೇ ಬರುವ ಚಡಪಡಿಕೆ. ಕೂತಲ್ಲಿ ಕೂರಲಾಗದು, ನಿಂತಲ್ಲೇ ಕಾಲು ಬದಲಿಸುತ್ತಾರೆ, ರಾತ್ರಿಯೆಲ್ಲ ಹಜಾರದಲ್ಲಿ ಓಡಾಡುತ್ತಾರೆ. ‘ಕಾಯಿಲೆ ಜಾಸ್ತಿಯಾಯಿತು ಡಾಕ್ಟ್ರೇ’ ಎಂದು ಹೇಳಿದರೆ ಡೋಸ್ ಏರಬಹುದು, ಚಡಪಡಿಕೆಯೂ ಏರುತ್ತದೆ. ‘ಭಯಕ್ಕೆ ಓಡಾಡ್ತಿದ್ದೀಯಾ, ಕಾಲೇ ನಿಲ್ಲುತ್ತಿಲ್ಲವಾ?’ ಎಂದು ಕೇಳಿ, ಉತ್ತರವನ್ನು ಹಾಗೆಯೇ ವೈದ್ಯರಿಗೆ ತಿಳಿಸಿ. ಡೋಸ್ ಇಳಿಸುವುದು, ಪ್ರೊಪ್ರನೊಲಾಲ್ ಸೇರಿಸುವುದು ಅವರ ನಿರ್ಧಾರ. ತಡೆಯಲಾಗದ ಚಡಪಡಿಕೆ ಆತ್ಮಹತ್ಯೆಯ ಯೋಚನೆಗೂ ದೂಡಬಲ್ಲದು, ಮುಂದಿನ ತಿಂಗಳ ಭೇಟಿಗೆ ಕಾಯಬೇಡಿ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416.

ಮುಟ್ಟು ನಿಂತರೆ, ಎದೆಹಾಲು ಒಸರಿದರೆ ಗರ್ಭ ಪರೀಕ್ಷೆಯ ಜೊತೆಗೆ ಎದೆಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್‌ನ ಪರೀಕ್ಷೆಯೂ ಆಗಲಿ. ಡೋಪಮಿನ್ ಅದಕ್ಕೂ ಲಗಾಮು, ಮಾತ್ರೆ ಡೋಪಮಿನ್ ತಡೆದಾಗ ಅದು ಏರಬಹುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಡಿ2 ತಡೆಯುವ ಔಷಧವೇ, ಹಾಗಾಗಿ ಬೇರೆ ಕ್ಲಿನಿಕ್‌ಗೆ ಹೋದಾಗ ಹಳೆಯ ಚೀಟಿ ತೋರಿಸಿ.

ಜ್ವರ, ಸಲಾಕೆಯಂತೆ ಬಿಗಿದ ಮೈ, ಗೊಂದಲ ಒಟ್ಟಿಗೆ ಬಂದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಮಾತಿಲ್ಲದೆ, ಸ್ನಾನಕ್ಕೂ ಏಳದೆ ಕೂರುವುದು ಈ ಮಾತ್ರೆಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿ ಡೋಪಮಿನ್ ಹೆಚ್ಚಿದ್ದಲ್ಲ, ಮುಂಮೆದುಳಿನಲ್ಲಿ ಕಡಿಮೆಯಾದದ್ದು ಎಂಬುದು ಸದ್ಯದ ತಿಳಿವಳಿಕೆ. ಸೋಮಾರಿ ಎಂದು ಬೈದು ಪ್ರಯೋಜನವಿಲ್ಲ, ದಿನಕ್ಕೊಂದು ಸಣ್ಣ ಕೆಲಸ ಹಚ್ಚಿ.

ಗುಣವಾಯಿತೆಂದು ಥಟ್ಟನೆ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಮುಚ್ಚಿದ್ದ ಗ್ರಾಹಕಗಳು ಹೆಚ್ಚು ಸೂಕ್ಷ್ಮವಾಗಿರಬಹುದು, ಕಾಯಿಲೆ ಮರಳುವ ಅಪಾಯ ದೊಡ್ಡದು. ಮೊದಲ ಸಲದ ಕಾಯಿಲೆಗೂ ಕನಿಷ್ಠ 1–2 ವರ್ಷ ಮಾತ್ರೆ ಬೇಕು.

ಎರಡು ಔಷಧ ಸೋತರೆ ಕ್ಲೊಜಪಿನ್. ಇದು ಬಿಳಿ ರಕ್ತಕಣ ಇಳಿಸಬಹುದು, ಅದಕ್ಕೇ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ. ಬೀಡಿ ಸಿಗರೇಟಿನ ಹೊಗೆ ಇದನ್ನು ದೇಹದಿಂದ ಬೇಗ ಕರಗಿಸುತ್ತದೆ. ಸೇದುವುದನ್ನು ಬಿಟ್ಟರೆ ರಕ್ತದಲ್ಲಿ ಮಟ್ಟ ಏರುತ್ತದೆ, ಹಾಗಾಗಿ ಬಿಡುವ ಮೊದಲೇ ವೈದ್ಯರಿಗೆ ಹೇಳಿ. ಗಂಟಲುನೋವು, ಜ್ವರ ಬಂದರೆ ಅಂದೇ ಬಿಳಿ ರಕ್ತಕಣ ಎಣಿಸಿಸಿ.