ತೊಟ್ಟಿಮನೆಯಲ್ಲಿ ಎರಡು ವೈಫೈ: ಬದಲಾಯಿಸುವ ತೀರ್ಮಾನ ರೂಟರಿನದಲ್ಲ, ಕಾರ್ಡಿನದು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ತೊಟ್ಟಿಮನೆಗಳಲ್ಲಿ ಜಂಬಿಟ್ಟಿಗೆಯ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ವೈಫೈ ಸೊರಗುವುದರಿಂದ, ಜಗಲಿಗೊಂದು, ಹಿಂದಿನ ಕೋಣೆಗೊಂದು ಎಂದು ಎರಡು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಬೀರುವ ಪೆಟ್ಟಿಗೆ) ಇಟ್ಟುಕೊಳ್ಳುವವರಿದ್ದಾರೆ. ಆದರೂ ಹಿಂದಿನ ಕೋಣೆಗೆ ಬಂದ ಲ್ಯಾಪ್‌ಟಾಪ್ ಜಗಲಿಯ ಸಿಗ್ನಲ್ಲನ್ನೇ ಹಿಡಿದುಕೊಂಡು ಒದ್ದಾಡುವುದುಂಟು. ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕೆಂದು ಕೊನೆಗೆ ತೀರ್ಮಾನಿಸುವುದು ರೂಟರ್ ಅಲ್ಲ, ಲ್ಯಾಪ್‌ಟಾಪಿನೊಳಗಿನ ವೈರ್‌ಲೆಸ್ ಕಾರ್ಡ್ ಮತ್ತು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್. ಆದ್ದರಿಂದ ಮೂರನೆಯ ರೂಟರ್ ಕೊಳ್ಳುವ ಮೊದಲು ಕಾರ್ಡ್ ಎಂಥದೆಂದು ನೋಡಿಕೊಳ್ಳುವುದು ಒಳ್ಳೆಯದು.

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್' (netsh wlan show drivers) ಆದೇಶ ಕೊಟ್ಟರೆ ಕಾರ್ಡ್ ಬಲ್ಲ ಮಾನಕಗಳ ಸಾಲು ಕಾಣುತ್ತದೆ. ಅದರಲ್ಲಿ 2009ರ 802.11 ಎನ್ ಈಗಿನ ವೈಫೈ 4, 2013ರ ಎಸಿ ವೈಫೈ 5, ಎಎಕ್ಸ್ ವೈಫೈ 6. ಈ ಸರಳ ಹೆಸರುಗಳು ಬಂದದ್ದು 2018ರಲ್ಲಿ. ಸಾಲು ಎನ್‌ಗೇ ನಿಂತಿದ್ದರೆ ಕಾರ್ಡ್ ವೈಫೈನ ತರಂಗಪಟ್ಟಿಗಳಲ್ಲಿ (ಬ್ಯಾಂಡ್) 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದ್ದಿರಬಹುದು. ಅಂಥ ಕಾರ್ಡಿಗೆ 5 ಗಿಗಾಹರ್ಟ್ಸ್ ನೆಟ್‌ವರ್ಕ್ ಪಟ್ಟಿಯಲ್ಲೇ ಕಾಣುವುದಿಲ್ಲ. ರೂಟರಿನ ಡಬ್ಬದ ಮೇಲಿನ 'ಎಸಿ 1200' ಎಂಬಂಥ ಅಂಕಿ ಎರಡೂ ಬ್ಯಾಂಡ್‌ಗಳ ಗರಿಷ್ಠ ವೇಗವನ್ನು, ಅಂದರೆ 300 ಮತ್ತು 867 ಎಂಬಿಪಿಎಸ್‌ಗಳನ್ನು, ಕೂಡಿಸಿ ಉಬ್ಬಿಸಿದ್ದು. ಅದನ್ನು ನೋಡಿ ಮರುಳಾಗಬೇಕಿಲ್ಲ.

ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಸೌಲಭ್ಯವಿಲ್ಲದಿದ್ದರೆ ಅದರ ಐಪಿ ವಿಳಾಸವನ್ನು ಮೊದಲನೆಯದಕ್ಕಿಂತ ಬೇರೆಯಾಗುವಂತೆ ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಎರಡರ ಲ್ಯಾನ್ ಪೋರ್ಟ್‌ಗಳನ್ನು ಕೇಬಲ್ಲಿನಿಂದ ಜೋಡಿಸಿ. ಈಥರ್‌ನೆಟ್ ಕೇಬಲ್ಲಿಗೆ 100 ಮೀಟರ್ ಮಿತಿ. ಅಡಿಕೆ ಅಂಗಳದಾಚೆಯ ಕಟ್ಟಡಕ್ಕೆ ಎಳೆಯುವುದಾದರೆ, ನಮ್ಮ ಕಡೆಯ ಸಿಡಿಲನ್ನು ನೆನೆದು ತಾಮ್ರದ ಬದಲು ಫೈಬರ್ ಹಾಕಿಸುವುದೇ ಕ್ಷೇಮ. ನೆಟ್‌ವರ್ಕ್ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಎರಡು ಕಡೆಯೂ ಅಕ್ಷರಶಃ ಒಂದೇ ಇರಬೇಕು, 2.4ರ ಚಾನೆಲ್ ಮಾತ್ರ ಬೇರೆಬೇರೆ, ಜಗಲಿಗೆ 1 ಇಟ್ಟರೆ ಹಿಂದಕ್ಕೆ 6 ಅಥವಾ 11.

ಇಷ್ಟಾದ ಮೇಲೂ ಕಾರ್ಡ್ ಹಟ ಹಿಡಿದರೆ ಜಗಲಿಯ ರೂಟರಿನ ಪ್ರಸಾರ ಶಕ್ತಿಯನ್ನು ತಗ್ಗಿಸಿ. ಜನ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ಶಕ್ತಿಯನ್ನು ಏರಿಸುತ್ತಾರೆ. ಆಗ ಜಗಲಿಯ ಸಿಗ್ನಲ್ ಮನೆಯ ತುದಿಯವರೆಗೂ ಸಾಕಷ್ಟು ಬಲವಾಗಿಯೇ ಕೇಳಿಸುವುದರಿಂದ ಕಾರ್ಡಿಗೆ ಬೇರೆಯದನ್ನು ಹುಡುಕುವ ಕಾರಣವೇ ಹುಟ್ಟುವುದಿಲ್ಲ. ಉದಾಹರಣೆಗೆ, ಐಫೋನ್ ಹುಡುಕಲು ಹೊರಡುವುದು ಸಿಗ್ನಲ್ ಮೈನಸ್ 70 ಡಿಬಿಎಂಗಿಂತ ಕೆಳಗಿಳಿದಾಗ (ಡಿಬಿಎಂ ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ಮ್ಯಾಕ್ ಮೈನಸ್ 75ರವರೆಗೂ ಕಾಯುತ್ತದೆ. ಇಂಟೆಲ್ ಕಾರ್ಡ್‌ಗಳಲ್ಲಾದರೆ ಈ ಸ್ವಭಾವವನ್ನು ನಾವೇ ತಿದ್ದಬಹುದು: ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ವಿಭಾಗದ 'ರೋಮಿಂಗ್ ಅಗ್ರೆಸಿವ್‌ನೆಸ್' (ಬೇರೆ ಪಾಯಿಂಟಿಗೆ ಹಾರುವ ಆತುರ) ಅನ್ನು ನಡುವಿನ 3ರಿಂದ 4ಕ್ಕೆ ಏರಿಸಿ. 5ಕ್ಕೆ ಇಟ್ಟರೆ ಅದು ಕೂತಲ್ಲೇ ಅತ್ತಿತ್ತ ಹಾರತೊಡಗಬಹುದು.

ಪಾಯಿಂಟಿನಿಂದ ಪಾಯಿಂಟಿಗೆ ಹಾರಲು ನೆರವಾಗುವ ಮಾನಕಗಳೂ ಇವೆ: 802.11 ಕೆ ಅಕ್ಕಪಕ್ಕದ ಪಾಯಿಂಟ್‌ಗಳ ಪಟ್ಟಿ ಕೊಡುತ್ತದೆ, ವಿ ಇಂಥದ್ದಕ್ಕೆ ಹೋಗೆಂದು ಸೂಚಿಸುತ್ತದೆ, ಆರ್ ಹೊಸ ಪಾಯಿಂಟಿನೊಡನೆ ನಡೆಯುವ ಭದ್ರತಾ ವಿಧಿಯನ್ನು ಚುಟುಕಾಗಿಸುತ್ತದೆ. ರೂಟರ್ ಮತ್ತು ಕಾರ್ಡ್ ಎರಡಕ್ಕೂ ಗೊತ್ತಿದ್ದರೆ ಮಾತ್ರ ಇವು ಉಪಯೋಗಕ್ಕೆ ಬರುತ್ತವೆ. ಆರ್ ಚಾಲೂ ಮಾಡಿದಾಗ ಕೆಲವು ಹಳೆಯ ಕಾರ್ಡ್‌ಗಳು ಸಂಪರ್ಕವನ್ನೇ ಪಡೆಯಲಾರವಾದ್ದರಿಂದ, ಒಂದೇ ಪಾಸ್‌ವರ್ಡಿನ ಮನೆಯಲ್ಲಿ ಅದನ್ನು ಆರಿಸಿಟ್ಟರೂ ದೊಡ್ಡ ನಷ್ಟವಿಲ್ಲ.

ಪರೀಕ್ಷಿಸಲು, ಹಿಂದಿನ ಆದೇಶದ ಕೊನೆಯ ಪದದ ಬದಲು 'ಇಂಟರ್‌ಫೇಸಸ್' (interfaces) ಎಂದು ಕೊಟ್ಟು, ಹಿಡಿದಿರುವ ಪಾಯಿಂಟಿನ ಗುರುತು ಸಂಖ್ಯೆಯಾದ ಬಿಎಸ್‌ಎಸ್‌ಐಡಿಯನ್ನು ಜಗಲಿಯಲ್ಲೊಮ್ಮೆ, ತೊಟ್ಟಿ ದಾಟಿದ ಮೇಲೊಮ್ಮೆ, ಹಿಂದಿನ ಕೋಣೆಯಲ್ಲೊಮ್ಮೆ ನೋಡಿ. ಕೋಣೆಯೊಳಗೂ ಹಳೆಯ ಸಂಖ್ಯೆಯೇ ಇದ್ದರೆ ಜಗಲಿಯ ಶಕ್ತಿಯನ್ನು ಇನ್ನೊಂದು ಮೆಟ್ಟಿಲು ಇಳಿಸಿ. ಕೂತಲ್ಲೇ ಸಂಖ್ಯೆ ಬದಲಾಗುತ್ತಿದ್ದರೆ ಕಾರ್ಡಿನ 4ನ್ನು ಮತ್ತೆ 3ಕ್ಕೆ ತನ್ನಿ.