ಮಂಡಿ ನೋವು ಅಂದರೆ ಮೊದಲು ತೊಡೆಸಂದು ನೋಡುವುದು

ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನ ಹಾಡಿಗಳಿಂದ ಸಿಕಲ್ ಸೆಲ್ (ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಇರುವವರು ಮಂಡಿ ನೋವೆಂದು ಬಂದರೆ ನಾನು ಮೊದಲು ಕೈಯಿಡುವುದು ತೊಡೆಸಂದಿಗೆ. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲು ಹೋಗುವುದರಿಂದ ಅಲ್ಲಿನ ನೋವು ಇಲ್ಲಿ ಕಾಣಿಸುತ್ತದೆ.

ಅಂಗಾತ ಮಲಗಿಸಿ, ಸೊಂಟವನ್ನೂ ಮಂಡಿಯನ್ನೂ 90 ಡಿಗ್ರಿ ಮಡಿಸಿ, ಪಾದವನ್ನು ಮೆಲ್ಲಗೆ ಹೊರಕ್ಕೆ ಸರಿಸುತ್ತೇನೆ. ಆಗ ತೊಡೆ ಒಳಕ್ಕೆ ತಿರುಗುತ್ತದೆ. ಅಷ್ಟಕ್ಕೇ ಮುಖ ಕಿವುಚಿದರೆ, ಅಥವಾ ಇನ್ನೊಂದು ಕಾಲಿನಷ್ಟು ತಿರುಗದಿದ್ದರೆ, ರಕ್ತ ಸಿಗದೆ ತೊಡೆಮೂಳೆಯ ತಲೆ (ಸೊಂಟದ ಕೀಲಿನೊಳಗೆ ಕೂರುವ ಗುಂಡು) ಸಾಯುತ್ತಿದೆ ಎಂಬ ಅನುಮಾನ. "ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳೋಕಾಗುತ್ತಾ ಅಮ್ಮಾ?" ಎಂದೂ ಕೇಳುತ್ತೇನೆ. ಆ ತಲೆಗೆ ರಕ್ತ ತರುವ ನಾಳಗಳು ಕೆಲವೇ. ಕುಡುಗೋಲಿನಂತೆ ಬಾಗಿದ ಕಣಗಳು ಅಲ್ಲಿ ಸಿಕ್ಕಿಕೊಂಡರೆ ಬಳಸುದಾರಿ ಇಲ್ಲ. ಸಿಕಲ್ ಸೆಲ್ ತಪಾಸಣೆಯ ಕಾರ್ಡ್‌ನಲ್ಲಿ ಎಎಸ್ ಎಂದಿದ್ದರೆ, ಅಂದರೆ ಕಾಯಿಲೆಯಿಲ್ಲದೆ ಅದರ ಒಂದೇ ಜೀನ್ ಹೊತ್ತ ವಾಹಕರಾಗಿದ್ದರೆ, ನೋವಿಗೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು.

ಎಕ್ಸ್‌ರೇ ಚೆನ್ನಾಗಿದೆ ಎಂದು ಮನೆಗೆ ಕಳಿಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ತಿಂಗಳುಗಟ್ಟಲೆ ಅದರಲ್ಲಿ ಏನೂ ಕಾಣದಿರಬಹುದು. ಎಂಆರ್‌ಐ ಬೇಕು, ಎರಡೂ ಕಡೆಯದು. ಎಕ್ಸ್‌ರೇಯಲ್ಲಿ ಮೃದ್ವಸ್ಥಿಯ ಕೆಳಗೆ ಬಿದಿಗೆ ಚಂದ್ರನಂಥ ಕಪ್ಪು ಗೆರೆ ಕಂಡರೆ ಮೂಳೆ ಕುಸಿಯತೊಡಗಿದೆ ಎಂದರ್ಥ. ಭುಜದ ಮೂಳೆಯ ತಲೆಯೂ ಹೀಗೇ ಸಾಯಬಹುದು, ಅದನ್ನೂ ಮರೆಯಬಾರದು.

ಕುಸಿಯುವ ಮುಂಚೆ ಸಿಕ್ಕರೆ ಊರುಗೋಲು, ವ್ಯಾಯಾಮ. ಕೋಲು ನೋವಿಲ್ಲದ ಕಡೆಯ ಕೈಯಲ್ಲಿರಬೇಕು (ಬಹುತೇಕರು ತಿರುವುಮುರುವು ಹಿಡಿದಿರುತ್ತಾರೆ), ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, 10 ಸಲದಂತೆ 3 ಸುತ್ತು. ನೋವು ಬಂದಲ್ಲಿಗೆ ನಿಲ್ಲಿಸುವುದು. ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಶಸ್ತ್ರಕ್ರಿಯೆಗೆ ನಾನು ಅವಸರ ಮಾಡುವುದಿಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಸರಾಸರಿ 3 ವರ್ಷದ ನಂತರ, ಬರೀ ವ್ಯಾಯಾಮ ಮಾಡಿದವರಿಗೂ ರಂಧ್ರ ಕೊರೆಸಿಕೊಂಡು ವ್ಯಾಯಾಮ ಮಾಡಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಿಕಲ್ ಸೆಲ್‌ಗೆ ಕೊಡುವ ಹೈಡ್ರಾಕ್ಸಿಯೂರಿಯಾ ಔಷಧ ನೋವಿನ ದಾಳಿಗಳನ್ನು ತಗ್ಗಿಸುತ್ತದೆ, ಸತ್ತ ಮೂಳೆಯನ್ನು ಬದುಕಿಸುವುದಿಲ್ಲ.

ಐಸ್ ಪ್ಯಾಕ್ ಮಾತ್ರ ಬೇಡವೇ ಬೇಡ. ಫಿಜಿಯೋಥೆರಪಿಯಲ್ಲಿ ಊತ ಕಂಡ ಕೂಡಲೇ ಐಸ್ ಇಡುವ ರೂಢಿ. ತಣ್ಣಗಾದರೆ ನಾಳ ಕುಗ್ಗಿ ಕಣಗಳು ಇನ್ನಷ್ಟು ಸಿಕ್ಕಿಕೊಳ್ಳುತ್ತವೆ. ಬಿಸಿನೀರಿನ ಚೀಲ ಸಾಕು. ಸ್ಟೆರಾಯ್ಡ್ ಕೂಡ ಬೇಡ, ಅದೂ ಮೂಳೆಯ ತಲೆಯನ್ನು ಕೊಲ್ಲುತ್ತದೆ.

ಜ್ವರದ ಜೊತೆ ಮೂಳೆ ಊದಿದರೆ ಮೂಳೆಗೆ ರಕ್ತದ ಹರಿವು ನಿಂತದ್ದೋ, ಸೋಂಕಾಗಿ ಕೀವಾದದ್ದೋ ಎಂಬ ಗೊಂದಲ. ಹರಿವು ನಿಲ್ಲುವುದೇ ಬಹಳ ಹೆಚ್ಚು, ಮೊದಲ ವಾರ ಎಕ್ಸ್‌ರೇ ಎರಡನ್ನೂ ಬೇರ್ಪಡಿಸದು. ನೋವು ಒಂದೇ ಕಡೆ ನೆಲೆಸಿ, ಜ್ವರ ಇಳಿಯದಿದ್ದರೆ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ಯಾವ ರೋಗಾಣು ಬೆಳೆಯುತ್ತದೆಂದು ನೋಡುವ ಪರೀಕ್ಷೆ), ಅಲ್ಟ್ರಾಸೌಂಡ್‌ನಲ್ಲಿ ದ್ರವ ಕಂಡರೆ ಸೂಜಿಯಿಂದ ತೆಗೆದು ಅದನ್ನೂ ಕಳಿಸುವುದು, ಆಮೇಲೆ ಆ್ಯಂಟಿಬಯೋಟಿಕ್. ಆ ಔಷಧ ಸ್ಟೆಫೈಲೋಕಾಕಸ್ ಜೊತೆಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನೂ ಕೊಲ್ಲುವಂತಿರಬೇಕು. ಸಿಕಲ್ ಸೆಲ್‌ನಲ್ಲಿ ಮೂಳೆಗೆ ಸಾಲ್ಮೊನೆಲ್ಲಾವೇ ಹೆಚ್ಚಾಗಿ ಸೇರುತ್ತದೆ.

ತೊಡೆಮೂಳೆಯ ತಲೆ ಪೂರಾ ಕುಸಿದವರಿಗೆ ಕೀಲು ಬದಲಾವಣೆ. ಮುಂಚೆ ರಕ್ತ ಕೊಟ್ಟು ಹಿಮೋಗ್ಲೋಬಿನ್ ಸುಮಾರು 10ಕ್ಕೆ ತರುವುದು. ಅದಕ್ಕಿಂತ ಬಹಳ ಏರಿಸಿದರೆ ರಕ್ತ ಗಟ್ಟಿಯಾಗಿ ಹೊಸ ದಾಳಿ ಶುರುವಾದೀತು. ಸಲೈನ್, ಬೆಚ್ಚಗಿನ ಥಿಯೇಟರ್ ಸಿದ್ಧವಿರಬೇಕು. ತೊಡೆಮೂಳೆಯೊಳಗಿನ ಟೊಳ್ಳು ಹಳೆಯ ಗಾಯಗಳಿಂದ ಅಲ್ಲಲ್ಲಿ ಕಲ್ಲಿನಂತೆ ಮುಚ್ಚಿರುತ್ತದೆ. ಟೊಳ್ಳನ್ನು ಕೊರೆದು ಅಗಲಿಸುವ ರೀಮರ್ ಅಲ್ಲಿ ಜಾರಿ ಗೋಡೆ ತೂತಾಗುವುದರಿಂದ, ಸಿ-ಆರ್ಮ್ (ಶಸ್ತ್ರಕ್ರಿಯೆಯ ವೇಳೆಯೇ ಎಕ್ಸ್‌ರೇ ತೋರಿಸುವ ಯಂತ್ರ) ನೋಡುತ್ತಾ ಸಣ್ಣ ಡ್ರಿಲ್ಲಿನಿಂದಲೇ ದಾರಿ ಬಿಡಿಸಿಕೊಳ್ಳುತ್ತೇನೆ.